ಊಟವಾದ ಮೇಲೆ ಏಳುವ ಪೀಕ್

ಜೂನ್ 3, ಸಂಜೆ

ಇವತ್ತೂ ಚಿನ್ನ ತಿಕ್ಕಿದೆ. ಅಕ್ಕನ ಬಳೆಯಲ್ಲ — ಲ್ಯಾಬಿನ ಎಲೆಕ್ಟ್ರೋಡು. ತುದಿಯಲ್ಲಿ ಸಾಸಿವೆ ಕಾಳಿನಷ್ಟು ಚಿನ್ನ. ಒದ್ದೆ ಬಟ್ಟೆಗೆ ಬಿಳಿ ಪುಡಿ ಹಾಕಿ, ಇಂಗ್ಲಿಷ್ 8ರ ಆಕಾರದಲ್ಲಿ ತಿಕ್ಕಬೇಕು. ಆಮೇಲೆ ಕ್ಷಾರದ ದ್ರಾವಣಕ್ಕೆ ಇಳಿಸಿ, ವೋಲ್ಟೇಜ್ ಏರಿಸುತ್ತಾ ಕರೆಂಟು ನೋಡಬೇಕು. ಚಿನ್ನಕ್ಕೂ ದ್ರಾವಣಕ್ಕೂ ನಡುವಿನ ಗಡಿಯಲ್ಲಿ ಏನು ನಡೆಯುತ್ತದೆಂದು ಇಣುಕುವುದೇ ನನ್ನ ಉದ್ಯೋಗ. ಪಕ್ಕದ ಮನೆಯ ಜಗಳಕ್ಕೆ ಕಿವಿಗೊಡುವುದಕ್ಕಿಂತ ಗೌರವದ್ದು.

ಊಟವಾದ ಮೇಲೆ ಗ್ರಾಫಿನ ಗೆರೆಯಲ್ಲಿ ಒಂದು ಪೀಕ್, ಅಂದರೆ ಚೂಪು ಶಿಖರ, ಎದ್ದಿತು. ಇರಬಾರದ ಜಾಗದಲ್ಲಿ. ಎತ್ತರ, ಗಂಭೀರ, ಬೆನ್ನು ನೆಟ್ಟಗೆ.

ಜೂನ್ 5

ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂ ನೋಟಿಸ್ ಹಾಕಿದರು. ಪಿಎಚ್‌ಡಿಗೆ ಒಂದೇ ಸೀಟು. ವಿಷಯ: ಎಲೆಕ್ಟ್ರೋಡಿನ ಮೇಲ್ಮೈಯಲ್ಲಿ ನಡೆಯುವ ಕ್ರಿಯೆಗಳು. ಹದಿನಾಲ್ಕಕ್ಕೆ ಇಂಟರ್‌ವ್ಯೂ. ಸ್ವಂತ ರಿಸಲ್ಟು ತೋರಿಸಬೇಕು.

ನನ್ನ ಪ್ರಾಜೆಕ್ಟ್ ಕೆಲಸ ಈ ತಿಂಗಳಿಗೆ ಖತಂ. ಸೀಟು ಸಿಗದಿದ್ದರೆ ಭಾವನ ಬಣ್ಣದಂಗಡಿ. ಅವರು ಆಗಲೇ ನನಗೆಂದು ಸ್ಟೂಲು ಒರೆಸಿಟ್ಟಿದ್ದಾರೆ.

"ಕೆಮಿಸ್ಟ್ರಿ ಓದಿದೀಯ, ಬಣ್ಣ ಕಲಸೋದೇನು ಮಹಾ!"

ಪೀಕ್ ಇದೆ ಭಾವ, ಪೀಕ್ ಇದೆ! — ಮನಸ್ಸಿನಲ್ಲೇ ಅಂದೆ.

ಜೂನ್ 9

ವಿಚಿತ್ರ ಪೀಕ್. ಬೆಳಿಗ್ಗೆ ಪತ್ತೆಯಿಲ್ಲ. ಊಟವಾದ ಮೇಲೆ ಹಾಜರ್. ಎಲ್ಲರೂ ತೂಕಡಿಸುವಾಗ ಇದೊಂದೇ ಎದ್ದು ಕೂರುತ್ತದೆ. ಬಿಸಿಲಿನ ಪ್ರಭಾವವೆಂದು ಸಿದ್ಧಾಂತ ಬರೆದೆ. ಓದಿ ನನಗೇ ನನ್ನ ಮೇಲೆ ಗೌರವ ಬಂತು.

ಪಕ್ಕದ ಬೆಂಚಿನ ಗಡ್ಡ — ಅವನೂ ಅದೇ ಸೀಟಿಗೆ ಕಣ್ಣು ಹಾಕಿದ್ದಾನೆ — ಅದೇ ಎಲೆಕ್ಟ್ರೋಡು, ಅದೇ ದ್ರಾವಣ, ಅದೇ ಮಧ್ಯಾಹ್ನ ಮಾಡಿ ನೋಡಿದ. ಬರಲಿಲ್ಲ.

"ಪೀಕೂ ಮುಖ ನೋಡಿ ಮಣೆ ಹಾಕುತ್ತೆ ಸ್ವಾಮಿ. ನಾವು ಪಾಪಿಗಳು."

ಹೊಟ್ಟೆಕಿಚ್ಚು.

ಜೂನ್ 12, ಬೆಳಿಗ್ಗೆ

ಅಕ್ಕನ ಕನ್ನಡಕ ಬಿತ್ತು. ಎತ್ತಿಕೊಟ್ಟೆ.

"ಲೋ, ಗಾಜು ಮುಟ್ಟಬೇಡ ಅಂತ ಎಷ್ಟು ಸಲ ಹೇಳಲಿ? ನೋಡು, ಹೆಬ್ಬೆಟ್ಟು ಒತ್ತಿ ಕೊಟ್ಟಿದೀಯ! ಕ್ರೀಮು ಕೈಗೆ ಹಚ್ಚಿಕೋ ಅಂದ್ರೆ ಮನೆಗೆಲ್ಲ ಹಚ್ತೀಯಲ್ಲೋ!"

ಲ್ಯಾಬಿನ ಪಾತ್ರೆ ತೊಳೆದು ತೊಳೆದು ನನ್ನ ಕೈ ಬಿರಿದಿದೆಯೆಂದು ಅವಳೇ ಕೊಟ್ಟ ಕ್ರೀಮು. ದಿನಾ ಊಟದ ಡಬ್ಬಿ ತೊಳೆದ ಮೇಲೆ ಹಚ್ಚಿಕೊಳ್ಳುತ್ತೇನೆ. ಆಮೇಲೆ ಅದೇ ಕೈಯಲ್ಲಿ ಗ್ಲೌಸಿನ ಹೊರಮೈ ಹಿಡಿದು ಎಳೆದುಕೊಳ್ಳುತ್ತೇನೆ. ಆ ಗ್ಲೌಸಿನಲ್ಲೇ ಎಲೆಕ್ಟ್ರೋಡು ಹಿಡಿಯುತ್ತೇನೆ. ಆಮೇಲೆ...

ಟ್ಯೂಬು ತಿರುಗಿಸಿದೆ. ಮೊದಲ ಸಾಲಲ್ಲೇ ಗ್ಲಿಸರಿನ್. ಕ್ಷಾರದಲ್ಲಿ ಗ್ಲಿಸರಿನ್ ಕಂಡರೆ ಚಿನ್ನ ಬಿಡುತ್ತದೆಯೇ? ಎಲೆಕ್ಟ್ರಾನ್ ಕಿತ್ತುಕೊಂಡು ಪೀಕ್ ಎಬ್ಬಿಸುತ್ತದೆ. ಎಂದೋ ಗೊತ್ತಿರುವ ಸಂಗತಿ. ನಾನೂ ಓದಿ ಪಾಸಾಗಿದ್ದೆ.

"ಯಾಕೋ, ಮುಖ ಹಾಗೆ ಬಿಳಿಚಿಕೊಂಡಿದೆ?"

"ಏನಿಲ್ಲಕ್ಕ. ಭಾವನಿಗೆ ಸ್ಟೂಲು ಇನ್ನೊಂದು ಸಲ ಒರೆಸೋಕೆ ಹೇಳು."

ಜೂನ್ 13

ತೊಳೆದ ಕೈ: ಪೀಕ್ ಇಲ್ಲ. ಕ್ರೀಮಿನ ಕೈ: ಪೀಕ್. ಗಡ್ಡನ ಕೈಗೆ ಹಚ್ಚಿಸಿದೆ — ಅವನಿಗೂ ಬಂತು! ಕುಣಿದ. ಆಮೇಲೆ ಕೈ ಮೂಸಿ, "ಗುಲಾಬಿನಾ?" ಎಂದ.

"ಹೂಂ."

"ನಾಳೆ ಏನಪ್ಪಾ ತೋರಿಸ್ತೀಯ?"

"ಇದನ್ನೇ. ಬೇರೆ ಏನಿದೆ?"

ಜೂನ್ 14, ಮಧ್ಯಾಹ್ನ

ಮೇಡಂ ಗ್ರಾಫ್ ನೋಡಿ ಹುಬ್ಬೇರಿಸಿದರು. "ಹೊಸ ಕ್ರಿಯೆನಾ?"

"ಇಲ್ಲ ಮೇಡಂ. ಗುಲಾಬಿ ಕ್ರೀಮು."

ಮೇಡಂ ನಗಲಿಲ್ಲ. ಎಲ್ಲ ಹೇಳಿದೆ — ಊಟದ ಡಬ್ಬಿ, ಕನ್ನಡಕ, ಗಡ್ಡನ ಕೈ. ಪಕ್ಕದಲ್ಲಿದ್ದ ಹೊರಗಿನ ಪ್ರೊಫೆಸರು ಕೆಮ್ಮಿನ ನೆಪದಲ್ಲಿ ಬಾಯಿ ಮುಚ್ಚಿಕೊಂಡರು. ಮೇಡಂ ಮಾತ್ರ ತಮ್ಮ ಚೀಲಕ್ಕೆ ಕೈ ಹಾಕಿ ಒಂದು ಟ್ಯೂಬು ತೆಗೆದು ಮೇಜಿನ ಮೇಲಿಟ್ಟರು.

ಅದೇ ಗುಲಾಬಿ.

"ಮುಂದಿನ ವಾರ ಪೇಪರ್ ಕಳಿಸಬೇಕು ಅಂತಿದ್ದೆ," ಎಂದರು ಮೆಲ್ಲಗೆ. "ಅದರಲ್ಲೂ ಒಂದು ಪೀಕ್ ಇದೆ. ಅದೂ ಮಧ್ಯಾಹ್ನದ್ದೇ."

ಜೂನ್ 18, ಬೆಳಿಗ್ಗೆ

ಸೀಟು ನನ್ನದು!! ನನ್ನ ಹಳೇ ಪ್ರಾಜೆಕ್ಟ್ ಕೆಲಸ ಗಡ್ಡನಿಗೆ. ಭಾವ ಸ್ಟೂಲಿನ ಮೇಲೆ ವಾರ್ನಿಶ್ ಡಬ್ಬ ಇಟ್ಟರು. ಅಕ್ಕ ಟ್ಯೂಬು ಕಿತ್ತುಕೊಂಡಳು. ನನ್ನ ಸಂಶೋಧನೆಯ ಮೊದಲ ಅಧ್ಯಾಯ: ಮೇಡಂ ಮಾಡಿದ್ದನ್ನೆಲ್ಲ ತೊಳೆದ ಕೈಯಲ್ಲಿ ಮತ್ತೆ ಮಾಡುವುದು.

ಅದೇ ದಿನ, ಊಟವಾದ ಮೇಲೆ

ಮೇಡಂ ಪೇಪರಿನ ಪ್ರಯೋಗ. ಸೋಪು ಹಾಕಿ ತೊಳೆದ ಕೈ. ಹೊಸ ಗ್ಲೌಸ್. ಗಡ್ಡ ಸಾಕ್ಷಿ. ಮೇಡಂ ಬಾಗಿಲಲ್ಲಿ, ಏನೂ ಮುಟ್ಟದಂತೆ ಕೈ ಹಿಂದೆ ಕಟ್ಟಿ ನಿಂತಿದ್ದಾರೆ. ವೋಲ್ಟೇಜ್ ಏರುತ್ತಿದೆ. ಗೆರೆ ಸಪಾಟು... ಸಪಾಟು... ಮೇಡಂ ಮುಖ ನೋಡಲಾರೆ... ಸಪಾಟು...

ಅರೆ, ಗಡ್ಡ, ಇದೇನೋ ಇಲ್ಲಿ, ಸಣ್ಣದಾಗಿ ಏಳ್ತಾ —