ನಿನ್ನ ಗೋಡೆಯ ನೆರಳಿನ ಹುಲ್ಲು

ಮಲ್ಲತ್ತಹಳ್ಳಿ,
ಸೋಮವಾರ, 2 ಫೆಬ್ರವರಿ 2026

ಪ್ರೀತಿಯ ತಮ್ಮ ಗಿರಿರಾಜನಿಗೆ,

ಹೇಗಿದ್ದೀಯಪ್ಪಾ? ಶುಗರ್ ಹತೋಟಿಯಲ್ಲಿದೆಯೇ? ಮಂಡಿನೋವು? ಲಿಫ್ಟ್ ಇರುವ ಮನೆ ಕಟ್ಟಿಸಿದ್ದೀಯ, ಇನ್ನು ಮಂಡಿಗೇನು ಚಿಂತೆ! ನನ್ನ ಜೊತೆಯಲ್ಲಿರುವ ಅವ್ವ ಗಟ್ಟಿಯಾಗಿದ್ದಾಳೆ, ಕಿವಿಯಂತೂ ಇನ್ನೂ ಚುರುಕು. ನೀನು ನನ್ನ ಫೋನ್ ಎತ್ತುವುದನ್ನು ಬಿಟ್ಟು ವರ್ಷವಾಯಿತು. ಅದಕ್ಕೇ ಈ ಕಾಗದವನ್ನು ನಿನ್ನ ಹೆಂಡತಿ ಬಿಂದುಶ್ರೀ ಕೈಗೆ ಕೊಡುತ್ತಿದ್ದೇನೆ. ಪಾಪ, ಒಳ್ಳೆಯ ಹುಡುಗಿ, ಅವಳ ಮೇಲೆ ರೇಗಾಡಬೇಡ.

ಶುಕ್ರವಾರದ ಗೃಹಪ್ರವೇಶಕ್ಕೆ ಹಸು ಬೇಕೆಂದು ಅವಳ ಬಾಯಲ್ಲಿ ಹೇಳಿಸಿದ್ದೀಯ. ನಮ್ಮ ಮನೆತನದಲ್ಲಿ ಬಾಡಿಗೆ ಹಸು ಹೊಸ ಮನೆಗೆ ಮೊದಲು ಕಾಲಿಡುವಂತಿಲ್ಲ, ಅವ್ವ ಒಪ್ಪುವುದಿಲ್ಲ. ನಿನ್ನ ನಾಲ್ಕು ಹಸು ಎಲ್ಲಿ ಹೋದವು? ಅಪ್ಪನ ಜಾಗ ಪಾಲಾಗುವಾಗ ಬಿಸಿಲಿನ ಭಾಗವನ್ನೂ ಬೋರ್‌ವೆಲ್ಲನ್ನೂ ನೀನೇ ಇಟ್ಟುಕೊಂಡೆ. ದಿನವೂ ನೀರು ಕುಡಿದು ಬೆಳೆಯುವ ನೇಪಿಯರ್ ಹುಲ್ಲು ಹಾಕಿ ಬುಡಮಟ್ಟ ಕೊಯ್ದೆ. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಬೋರ್ ಬತ್ತಿದ ತಿಂಗಳಲ್ಲೇ ಅದು ಒಣಗಿತು, ಹಸುಗಳನ್ನು ಮಾರಿ ಅಲ್ಲೇ ನಾಲ್ಕು ಮಹಡಿ ಎಬ್ಬಿಸಿದೆ.

ಆ ಗೋಡೆ ನನ್ನ ಪಾಲಿನ ಪಟ್ಟಿಯಂಥ ಕಿರಿದಾದ ಜಾಗದ ಬಿಸಿಲನ್ನೆಲ್ಲ ನುಂಗಿತು. ಅವ್ವನ ಎದುರಿಗೇ ನೀನು ಅಂದ ಮಾತು ನೆನಪಿದೆಯಾ? "ಈ ನೆರಳಲ್ಲಿ ಹುಲ್ಲು ಬೆಳೆದ್ರೆ ನಾನೇ ಬಂದು ತಿಂತೀನಿ ಕಣೇ! ಸುಮ್ನೆ ಹಸು ಮಾರು, ಜಾಗ ಪಾರ್ಕಿಂಗಿಗೆ ಬಿಡು." ಅವತ್ತು ನನ್ನ ಹೊಟ್ಟೆಗೆ ಬಿದ್ದ ಬೆಂಕಿ ಇವತ್ತಿಗೂ ಆರಿಲ್ಲ.

ಮಾಗಡಿಯ ನನ್ನ ಗೆಳತಿ ನೀಲಾಂಬಿಕಾ ತೆಂಗಿನ ಮರಗಳ ಕೆಳಗೆ ಬೆಳೆಸುತ್ತಿದ್ದ ಗಿನಿ ಹುಲ್ಲಿನ ಬುಡ ತಂದು ನೆಟ್ಟೆ. ಮೊದಲ ಸಲ ಅಪ್ಪ ಕೊಯ್ಯುತ್ತಿದ್ದಂತೆ ನೆಲಮಟ್ಟ ಕೊಯ್ದು ಅರ್ಧ ಸಾಯಿಸಿದೆ, ಅತ್ತೂಬಿಟ್ಟೆ. ನೆರಳಿನಲ್ಲಿ ಹುಲ್ಲು ತನ್ನ ಶಕ್ತಿಯನ್ನೆಲ್ಲ ಎಲೆಗೇ ಹಾಕುತ್ತದೆ, ಎಲೆ ಅಗಲವಾಗಿ ಕಡುಹಸಿರಾಗುತ್ತದೆ, ಬೇರು ಮಾತ್ರ ಬಡಕಲು. ಬುಡದಲ್ಲಿ ಒಂದು ಗೇಣು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಮಧ್ಯಾಹ್ನ ಎರಡು ತಾಸು ಬಿಸಿಲು ಬೀಳುವ ಕಾಂಪೌಂಡಿನ ಅಂಚಿಗೆ ಸ್ಟೈಲೋ ಎಂಬ ಮೇವಿನ ಸೊಪ್ಪು ಬಿತ್ತಿದೆ. ಅದರ ಬೇರು ನೀರು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ. ಹೋದ ಬೇಸಿಗೆಯಲ್ಲಿ ನಲ್ಲಿ ನೀರೇ ಇಲ್ಲದಾಗ ಗಿನಿ ಹುಲ್ಲು ಮಧ್ಯಾಹ್ನ ಎಲೆ ಸುರುಟಿಕೊಂಡು ಸಂಜೆ ಬಿಚ್ಚಿಕೊಳ್ಳುತ್ತಿತ್ತು. ಪಾತ್ರೆ ತೊಳೆದ ನೀರಷ್ಟೇ ಅದಕ್ಕೆ ಗತಿ. ನನ್ನ ಗೌರಿ ಅದನ್ನೇ ತಿಂದು ಕರು ಹಾಕಿ, ಈಗ ಹೊತ್ತಿಗೆ ಆರು ಲೀಟರ್ ಕೊಡುತ್ತಿದ್ದಾಳೆ.

ಅಕ್ಕನಿಗೆ ಹೊಟ್ಟೆಕಿಚ್ಚು ಅಂತ ನೆಂಟರ ಹತ್ತಿರವೆಲ್ಲ ಹೇಳಿದೆಯಂತೆ. ಹೊಟ್ಟೆಕಿಚ್ಚಲ್ಲ ಕಣೋ, ಸೇಡು. ಆದರೂ ಗೌರಿಯನ್ನೂ ಕರುವನ್ನೂ ಮೈತೊಳೆದು, ಅರಿಶಿನ ಹಚ್ಚಿ ನಾನೇ ಕರೆತರುತ್ತೇನೆ. ನಿನ್ನ ಹೊಸ ಮನೆಯಲ್ಲಿ ಹಾಲುಕ್ಕಲಿ. ಮಕ್ಕಳಿಗೆ ಅತ್ತೆಯ ಮುತ್ತು.

ನಿನ್ನ ಅಕ್ಕ,
ಚಿಕ್ಕಗಂಗಮ್ಮ

ಮರೆತಿದ್ದೆ: ಹೊಸ್ತಿಲು ದಾಟುವ ಮುಂಚೆ ಹಸುವಿಗೆ ಯಜಮಾನನೇ ಕೈಯಾರೆ ಹುಲ್ಲು ತಿನ್ನಿಸಬೇಕಲ್ಲ, ಆ ಹೊರೆಯನ್ನೂ ನಾನೇ ತರುತ್ತೇನೆ, ನಿನ್ನ ಗೋಡೆಯ ನೆರಳಿನದೇ. ಮೊದಲ ಎಸಳು ನಿನಗೆ. ಅವ್ವನ ಮುಂದೆ, ನೆಂಟರೆಲ್ಲರ ಮುಂದೆ ಅದನ್ನು ತಿಂದು, ಜಾಗದ ಮಾತು ಇನ್ನು ಎತ್ತುವುದಿಲ್ಲ ಅಂತ ಬಾಯಿಬಿಟ್ಟು ಹೇಳು. ಅಲ್ಲಿಯವರೆಗೂ ಗೌರಿಯ ಹಗ್ಗ ನನ್ನ ಕೈಯಲ್ಲೇ. ಎಸಳಿನ ಅಂಚು ಚೂಪು, ನಿಧಾನವಾಗಿ ಅಗಿಯಪ್ಪಾ.