ಗೋಡೆಯ ಮೇಲಿನ ಮರ

ಡಿಸೆಂಬರ್ 3, ಬುಧವಾರ. ಊಟದ ಬಿಡುವು

ಬೆಳಗ್ಗೆಯಿಂದ ಹನ್ನೊಂದು ಜೊತೆ ಕನ್ನಡಕದ ಲೆನ್ಸ್ ಉಜ್ಜಿದ್ದಾಯಿತು. ಒಂದರ ಅಂಚು ಚಕ್ಕೆ ಎದ್ದಿತು. ಅಂಗಡಿ ಮಾಲೀಕರು ತಮ್ಮ ಕನ್ನಡಕದ ಮೇಲಿಂದ ನೋಡಿದರು. ತಪ್ಪು ನನ್ನದೇ. ಗಮನ ಇಲ್ಲಿರಲಿಲ್ಲ.

ಬೆಳಗ್ಗೆ ಜಡೆ ಹೆಣೆಯುವಾಗ ತಂಗಿಯ ಮಗಳು ಚಿನಕುರಳಿ ಕೇಳಿದಳು. "ದೊಡ್ಡಮ್ಮಾ, ಈ ಸಲ ಕ್ರಿಸ್‌ಮಸ್‌ಗೆ ನಮ್ಮನೇನೂ ಅಲಂಕಾರ ಮಾಡೋಣ್ವಾ?"

ನಮ್ಮನೆ ಅಂದಳು! ನಾಲ್ಕು ತಿಂಗಳಿಂದ "ನಿಮ್ಮನೆ" ಅನ್ನುತ್ತಿದ್ದವಳು. ಬಾಚಣಿಗೆ ಕೈಯಲ್ಲೇ ನಿಂತಿತು.

ಆಗಸ್ಟಿನಲ್ಲಿ ತಂಗಿಯನ್ನು ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿಸಿ, ಅವಳ ಎರಡು ಮಕ್ಕಳನ್ನೂ ಒಂದು ಚೀಲ ಬಟ್ಟೆಯನ್ನೂ ಎತ್ತಿಕೊಂಡು ಬಂದ ದಿನ ಈ ಮನೆಯಲ್ಲಿ ಮೂರನೆಯ ತಟ್ಟೆ ಇರಲಿಲ್ಲ. ಒಂಟಿ ಜೀವಕ್ಕೆ ಎಷ್ಟು ಪಾತ್ರೆ ಬೇಕು... ಮಕ್ಕಳ ಅಪ್ಪನೋ, ಸಣ್ಣವನು ಹೊಟ್ಟೆಯಲ್ಲಿದ್ದಾಗಲೇ ಕಾಲ್ತೆಗೆದವನು.

"ಮಾಡೋಣ ಕಣೆ" ಅಂದೆ.

ಡಿಸೆಂಬರ್ 6, ಶನಿವಾರ. ಸಂಜೆ

ಗಾಜಿನ ಗುಂಡು ಬೇಡ, ಮೇಣದಬತ್ತಿ ಬೇಡ, ದೀಪದ ಸರ ಬೇಡ. ಚಿನಕುರಳಿಯ ತಮ್ಮ ಡುಮ್ಮನಿಗೆ ಮೂರೂವರೆ ವರ್ಷ, ಸಿಕ್ಕಿದ್ದೆಲ್ಲ ಬಾಯಿಗೆ. ಹಾಗಾಗಿ ಬರೀ ಕಾಗದ.

ಲೆನ್ಸ್ ಬರುವ ಪುಟ್ಟ ಬಿಳಿ ಲಕೋಟೆಗಳನ್ನು ಅಂಗಡಿಯಿಂದ ಒಂದು ಚೀಲ ತಂದಿದ್ದೆ. ಚಿನಕುರಳಿ ಬಣ್ಣ ಬಳಿದಳು. ನಾನು ಪಟ್ಟಿ ಕತ್ತರಿಸಿದೆ. ಬಳೆ ಬಳೆಯಾಗಿ ಅಂಟಿಸಿ ಸರ ಮಾಡಿದೆವು, ಕಿಟಕಿಯಿಂದ ಬಾಗಿಲವರೆಗೂ ಬಂತು. ಮರ ಇಡಲು ಜಾಗ ಎಲ್ಲಿ? ಗೋಡೆಗೇ ಹಸಿರು ಟೇಪ್ ಅಂಟಿಸಿ ಮರ ಮಾಡಿದೆ, ಅವರ ಕೈಗೆ ಎಟುಕುವಷ್ಟೇ ಎತ್ತರ. ಡುಮ್ಮ ತನ್ನ ಕೆಂಪು ಚುಕ್ಕಿಗಳನ್ನೆಲ್ಲ ಒಂದೇ ಕಡೆ ಮೆತ್ತಿದ.

"ಅಯ್ಯೋ, ಮರಕ್ಕೆ ಹೊಟ್ಟೆ ಬಂತಲ್ಲೋ!" ಅಂದಳು ಅಕ್ಕ.

"ನನ್ ಥರಾ" ಅಂದ, ಅಂಗಿ ಎತ್ತಿ ತೋರಿಸಿ.

ಮೂವರೂ ನಕ್ಕೆವು. ನನ್ನ ನಗು ನನಗೇ ಹೊಸದಾಗಿ ಕೇಳಿಸಿತು.

ಡಿಸೆಂಬರ್ 9, ಮಂಗಳವಾರ

ತಂಗಿ ಅಂಗಡಿಗೆ ಫೋನ್ ಮಾಡಿದ್ದಳು. ದನಿ ತಿಳಿಯಾಗಿತ್ತು, ಎಷ್ಟೋ ವರ್ಷದ ಹಿಂದಿನ ಹಾಗೆ. ಇಪ್ಪತ್ತನಾಲ್ಕಕ್ಕೆ ಬಿಡುತ್ತಾರಂತೆ.

"ಅಕ್ಕಾ, ನೇರ ಅಲ್ಲಿಗೇ ಬರ್ತೀನಿ. ಮಕ್ಕಳಿಗೆ ಹೇಳ್ತೀಯಲ್ವಾ?"

"ಹೇಳ್ತೀನಿ."

ಹೇಳಲಿಲ್ಲ. ಹಿಂದೆ ಎರಡು ಸಲ ಹೀಗೇ ಬರುತ್ತೇನೆ ಎಂದು ಕೈಕೊಟ್ಟಿದ್ದಾಳೆ. ಚಿನಕುರಳಿ ಶೂ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತೇ ನಿದ್ದೆ ಹೋಗಿದ್ದಳು. ಮತ್ತೆ ಅದು ಬೇಡ.

ಇದು ಕಾರಣವೇ. ಆದರೆ ಇದೊಂದೇ ಅಲ್ಲ.

ಡಿಸೆಂಬರ್ 13, ಶನಿವಾರ

ಕಿಟಕಿಗೆ ಹತ್ತಿಯ ಹಿಮ. ರಟ್ಟಿನ ನಕ್ಷತ್ರ. ಚಿನಕುರಳಿ ಅದಕ್ಕೆ ಅಂಟು ಸವರುತ್ತಾ, ತಲೆ ಎತ್ತದೆ, "ಇದನ್ನ ನೋಡೋಕೆ ಅಮ್ಮ ಬರ್ತಾಳಾ?" ಅಂದಳು.

"ಗೊತ್ತಿಲ್ಲ ಪುಟ್ಟಾ."

ಎಷ್ಟು ಸಲೀಸಾಗಿ ಬಂತು ಆ ಮಾತು!

ಡಿಸೆಂಬರ್ 20, ಶನಿವಾರ

ಮತ್ತೆ ಫೋನ್.

"ಹೇಳಿದ್ಯಾ ಅಕ್ಕಾ?"

"ಹೂಂ."

"ಏನಂದ್ರು?"

"ಕುಣಿದಾಡಿಬಿಟ್ರು."

ಆ ಕಡೆ ಅಳುತ್ತಿದ್ದಳು, ಸಂತೋಷಕ್ಕೆ. ರಿಸೀವರ್ ಇಟ್ಟು ಮೆಷಿನ್ ಮುಂದೆ ಕೂತೆ. ಒಂದು ಸುಳ್ಳಿಗೆ ಇನ್ನೊಂದು ಹೆಗಲು ಕೊಡುತ್ತದೆ.

ಅವಳು ಬಂದರೆ ಇವರನ್ನು ಕರೆದುಕೊಂಡು ಹೋಗುತ್ತಾಳೆ. ಹಡೆದವಳು, ಹಕ್ಕಿದೆ. ನಾನು ಯಾರು? ಜಡೆ ಹಾಕುವವಳು, ಮೂಗು ಒರೆಸುವವಳು.

ಡಿಸೆಂಬರ್ 24, ಬುಧವಾರ. ಸಂಜೆ ಐದು

ರಜೆ ಹಾಕಿದ್ದೆ. ಅವಳು ಬರುವುದು ಸಂಜೆ, ಮಧ್ಯಾಹ್ನ ಊಟವಾದ ಮೇಲೆ ಮಕ್ಕಳಿಗೆ ಹೇಳಿದರಾಯಿತು ಅಂದುಕೊಂಡಿದ್ದೆ. ಹನ್ನೊಂದಕ್ಕೇ ಬೆಲ್ ಆಯಿತು. ಬಾಗಿಲಿಗೆ ಓಡಿದವನು ಡುಮ್ಮ.

"ಅಮ್ಮಾ, ಯಾರೋ ಬಂದಿದಾರೆ!"

ಅಮ್ಮಾ ಎಂದು ಕೂಗಿದ್ದು ಒಳಗಿದ್ದ ನನ್ನನ್ನು. ಹೊಸ್ತಿಲಲ್ಲಿ ತಂಗಿ ನಿಂತಿದ್ದಳು. ಸೊರಗಿದ್ದಳು. ತಲೆಗೆ ಎಣ್ಣೆ ಹಾಕಿ ನೀಟಾಗಿ ಬಾಚಿಕೊಂಡಿದ್ದಳು.

ಚಿನಕುರಳಿ ಕಿಟಕಿಯ ಪರದೆ ಹಿಂದೆ ಅಡಗಿಬಿಟ್ಟಳು. ಕೆಳಗೆ ಎರಡು ಪಾದ ಮಾತ್ರ ಕಾಣುತ್ತಿದ್ದವು. ತಂಗಿ ಅದರ ಮುಂದೆ ಮಂಡಿಯೂರಿದಳು.

"ನಾನು ಬರ್ತೀನಿ ಅಂತ ದೊಡ್ಡಮ್ಮ ಹೇಳಿದ್ರಲ್ವಾ ಚಿನ್ನಾ?"

ಪರದೆಯೊಳಗಿಂದ: "ಇಲ್ಲ."

ತಂಗಿ ನನ್ನ ಕಡೆ ತಿರುಗಿದಳು. "ಹೇಳಿರ್ಲಿಲ್ವಾ ಅಕ್ಕಾ?"

ಸಿಟ್ಟಿಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಎದ್ದು ಗೋಡೆಯ ಮರ ನೋಡಿದಳು, ಕಾಗದದ ಸರ ಮುಟ್ಟಿದಳು. "ಚೆನ್ನಾಗಿ ಮಾಡಿದೀರ" ಅಂದಳು, ನೆಂಟರ ಮನೆಗೆ ಬಂದವಳ ಹಾಗೆ.

"ಒಂಚೂರು ಗಾಳಿಗೆ ಹೋಗ್ಬರ್ತೀನಿ."

ಬ್ಯಾಗೂ ತೆಗೆದುಕೊಂಡೇ ಹೋದಳು. ತಡೆಯಲಿಲ್ಲ ನಾನು. ಅವಳು ಹೋಗಿ ಆರು ತಾಸಾಗುತ್ತಾ ಬಂತು. ಇನ್ನೂ ಬಂದಿಲ್ಲ.

ಡಿಸೆಂಬರ್ 25, ಗುರುವಾರ

ಅವಳ ಫೋನ್ ಸ್ವಿಚ್ ಆಫ್. ಕೇಂದ್ರದಲ್ಲಿ ಯಾರೂ ಎತ್ತುತ್ತಿಲ್ಲ, ರಜೆ. ಮಕ್ಕಳನ್ನು ಕೆಳಮನೆಯ ಟೈಲರಮ್ಮನ ಹತ್ತಿರ ಬಿಟ್ಟು ಬಸ್‌ಸ್ಟ್ಯಾಂಡ್ ಸುತ್ತಲಿನ ಬಾರುಗಳ ಬಾಗಿಲಲ್ಲಿ ನಿಂತು ಇಣುಕಿದೆ. ಒಬ್ಬ ನಕ್ಕ. ಅವಳಿರಲಿಲ್ಲ.

ಏನಾದರೂ ಆಗಿದ್ದರೆ ಅದನ್ನು ಮಾಡಿದವಳು ನಾನೇ.

ಹಬ್ಬಕ್ಕೆ ನಾನು ಕೊಟ್ಟ ಹೊಸ ಲಾರಿಯನ್ನು ಡುಮ್ಮ ಓಡಿಸುತ್ತಿದ್ದಾನೆ. ಚಿನಕುರಳಿ ತನ್ನ ಪೊಟ್ಟಣ ಬಿಚ್ಚಿಯೇ ಇಲ್ಲ.

ಡಿಸೆಂಬರ್ 27, ಶನಿವಾರ. ಮಧ್ಯಾಹ್ನ

ನಿನ್ನೆ ಕೇಂದ್ರದ ಮೇಡಂ ಫೋನ್ ಮಾಡಿದರು. ಇಪ್ಪತ್ತನಾಲ್ಕರ ಸಂಜೆ ಅವಳೇ ವಾಪಸು ಬಂದಳಂತೆ. ಕುಡಿದಿರಲಿಲ್ಲ. ಬಾರ್ ಎದುರಿನ ಕಟ್ಟೆಯ ಮೇಲೆ ಎರಡು ಗಂಟೆ ಕೂತು, ಎದ್ದು ಬಸ್ ಹತ್ತಿದಳಂತೆ.

"ನಂಗೆ ಹೋಗೋಕೆ ಬೇರೆ ಜಾಗ ಇಲ್ಲ, ಮತ್ತೆ ಸೇರಿಸ್ಕೊಳ್ಳಿ ಅಂದ್ರು. ಅಕ್ಕಂಗೆ ಈಗ್ಲೇ ಹೇಳ್ಬೇಡಿ ಅಂತಾನೂ ಅಂದ್ರು" ಎಂದರು ಮೇಡಂ.

ಟೈಲರಮ್ಮನ ಮುಂದೆ ಕೂತು ಅತ್ತೆ. ಅವರು ಸೂಜಿ ಕೆಳಗಿಡದೆ, "ಹರಿದಿದ್ದು ಎಲ್ಲಿ ಅಂತ ಗೊತ್ತಿದ್ಮೇಲೆ ಹೊಲಿಯೋಕೇನು ಕಷ್ಟ? ಮೊದ್ಲು ಆ ಮಗೂಗೆ ಹೇಳು" ಅಂದರು.

ಇವತ್ತು ಬೆಳಗ್ಗೆ ಚಿನಕುರಳಿಯನ್ನು ಎದುರು ಕೂರಿಸಿಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು.

"ನಾನು ಬಚ್ಚಿಟ್ಕೊಂಡೆ ಅಂತ ತಾನೇ ಅಮ್ಮ ಹೋಗಿದ್ದು?"

ಮೂರು ದಿನ ಇದನ್ನು ಹೊತ್ತುಕೊಂಡು ತಿರುಗಿದ್ದಾಳೆ. ಆರು ವರ್ಷದ ಕೂಸು.

"ಅಲ್ಲ ಕಣೆ. ಅಮ್ಮ ಬರ್ತೀನಿ ಅಂತ ಮೊದ್ಲೇ ಹೇಳಿದ್ಳು. ನಾನೇ ನಿಮಗೆ ಹೇಳ್ಲಿಲ್ಲ. ನೀವು ಹೋಗ್ಬಿಡ್ತೀರ ಅಂತ ಭಯ ಆಯ್ತು."

ಅವಳು ಅಳಲಿಲ್ಲ. ಎದ್ದು ಹೋಗಿ ಬಾಚಣಿಗೆ ತಂದು, ಕನ್ನಡಿ ಮುಂದೆ ನಿಂತು, ತಾನೇ ಜಡೆ ಹಾಕಿಕೊಳ್ಳಲು ನೋಡಿದಳು. ಬರಲಿಲ್ಲ. ನಾನು ಕೈಚಾಚಿದೆ. "ಬೇಡ" ಅಂದಳು.

ನಾಳೆ ಭಾನುವಾರ. ಭೇಟಿ ಹತ್ತರಿಂದ ಹನ್ನೆರಡು. ಮೂವರೂ ಹೋಗುತ್ತೇವೆ. ಚಿನಕುರಳಿ ಆಗಲೇ ಬಟ್ಟೆ ತೆಗೆದಿಟ್ಟುಕೊಂಡಿದ್ದಾಳೆ. ನನಗೆ ಮಾತ್ರ ಮೊದಲ ಮಾತು ಹೊಳೆಯುತ್ತಿಲ್ಲ. ಮಕ್ಕಳ ಮುಂದೆಯೇ ಹೇಳಬೇಕು, ಅವರಿಗೂ ಕೇಳಿಸುವ ಹಾಗೆ. ಇಲ್ಲಿ ಬರೆದುಕೊಂಡರೆ ಬಂದೀತೇನೋ...

ತಂಗೀ, ಅವತ್ತು ನಾನು...