ಬಾಳೆಹಣ್ಣಿನ ಮೇಲಿನ ದೂರು

ಟಿ. ದಾಸರಹಳ್ಳಿ
೧೦ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಬಸಕ್ಕನಿಗೆ ಶಾಂಭವಿಯ ನಮಸ್ಕಾರಗಳು.

ಹೆಸರು ನೋಡಿದ ಕೂಡಲೇ ಕಾಗದ ಹರಿದು ಹಾಕಬೇಡಿ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಎತ್ತಿ ಎಂದು ಕೇಳುವ ಮುಖವೂ ನನಗಿಲ್ಲ. ಅದಕ್ಕೇ ನಿಮ್ಮ ತಮ್ಮ ಮರೆಪ್ಪನ ಕೈಯಲ್ಲಿ ಇದನ್ನು ಮಹದೇವಪುರಕ್ಕೆ ಕಳಿಸುತ್ತಿದ್ದೇನೆ. ಆಗಸ್ಟಿನಲ್ಲಿ ನನ್ನ ಮಗಳು ಕೃಪಾಗೆ ಡೆಂಗಿ ಬಂದಾಗ, ನಿಮ್ಮ ಬಾಳೆಗೊನೆಗಳಿಂದಲೇ ಸೊಳ್ಳೆ ಬಂದದ್ದು ಎಂದು ವಠಾರದವರೆಲ್ಲರ ಮುಂದೆ ಕೂಗಾಡಿದೆನಲ್ಲ, ಅದು ತಪ್ಪು. ನೀವು ವಾಪಸ್ ಬರಬೇಕು. ಹೇಳಬೇಕಾದದ್ದು ಇಷ್ಟೇ. ಆದರೆ ಅದು ಹೇಗೆ ತಿಳಿಯಿತೆಂದು ಹೇಳದಿದ್ದರೆ ನೀವು ನಂಬಲಿಕ್ಕಿಲ್ಲ.

ಮಾಗಿದ ಬಾಳೆಹಣ್ಣಿನ ವಾಸನೆಗೆ ಸೊಳ್ಳೆ ಬರುತ್ತದೆ, ತಿಂದವರ ರಕ್ತ ಸಿಹಿಯಾಗಿ ಅವರನ್ನೇ ಹುಡುಕಿಕೊಂಡು ಕಚ್ಚುತ್ತದೆ ಎಂದು ಮೊದಲು ಹೇಳಿದವರು ಮನೆ ಓನರ್ ರಾಮಮ್ಮ. ನೀವು ಮಾರುವ ಗೊನೆಗಳು ನಮ್ಮಿಬ್ಬರ ಬಾಗಿಲ ನಡುವಿನ ಜಾಗದಲ್ಲಿ ಇರುತ್ತಿದ್ದವು. ಕೃಪಾ ಶಾಲೆಯಿಂದ ಬಂದ ಕೂಡಲೇ ನೀವು ಅವಳಿಗೊಂದು ಏಲಕ್ಕಿ ಹಣ್ಣು ಕೊಡುತ್ತಿದ್ದಿರಿ. ಐದು ದಿನ ಮಗಳ ಕೈಗೆ ಚುಚ್ಚಿದ ಡ್ರಿಪ್ ನೋಡುತ್ತ ಕುಳಿತಿದ್ದ ನನಗೆ ಅಷ್ಟೇ ಸಾಕಾಯಿತು. ನಾನು ಕೂಗಾಡುವಾಗ ನೀವು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಯವ್ವಾ, ಬಾಳಿಹಣ್ಣಿಗೆ ಸೊಳ್ಳಿ ಬರೂದಿದ್ರ, ದಿನಾ ಗಾಡಿ ಮುಂದ ನಿಂದ್ರೋ ನನ್ನ ಮೈಯಾಗ ರಕ್ತನ ಉಳೀತಿದ್ದಿಲ್ಲ.” ಎಲ್ಲರೂ ನಕ್ಕರು. ನಾನು ನಗಲಿಲ್ಲ. ರಾಮಮ್ಮ, “ಗೊನೆ ಇಲ್ಲಿ ಇಡಂಗಿಲ್ಲ ಕಣಮ್ಮ, ಇಲ್ಲಾಂದ್ರೆ ಬ್ಯಾರೆ ಕಡೆ ನೋಡ್ಕೋ” ಎಂದುಬಿಟ್ಟರು. ಹಣ್ಣಿನ ಗಾಡಿಯವರು ಗೊನೆಯನ್ನು ಇನ್ನೆಲ್ಲಿ ಇಡುತ್ತಾರೆ? ಮೂರನೇ ದಿನ ನೀವು ಮಹದೇವಪುರದ ನಿಮ್ಮ ತಂಗಿಯ ಮನೆಗೆ ಹೊರಟಿರಿ.

ನೀವು ಹೋದ ಮೇಲೂ ಸೊಳ್ಳೆ ಒಂದಿಷ್ಟೂ ಕಡಿಮೆಯಾಗಲಿಲ್ಲ. ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಪೀಣ್ಯದ ಫ್ಯಾಕ್ಟರಿಯಲ್ಲಿ ದಿನಕ್ಕೆ ಸಾವಿರ ಬೋಲ್ಟು ಅಳೆದು ನೋಡುವವಳು, ಒಂದು ಕೆಟ್ಟದ್ದು ಸಿಕ್ಕರೆ ಯಾವ ಮಶೀನಿನದೆಂದು ಹುಡುಕದೆ ಬಿಡುವವಳಲ್ಲ. ಸೊಳ್ಳೆಯನ್ನೂ ಹಾಗೇ ಪರೀಕ್ಷೆ ಮಾಡಿದೆ. ಸಂಜೆ ಆರರಿಂದ ಆರೂವರೆ, ಮೆಟ್ಟಿಲ ಮೇಲೆ ಕಾಲು ಚಾಚಿ ಕೂರುವುದು, ಎಷ್ಟು ಕಡಿತ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕುವುದು. ಮೂರು ದಿನ ಎರಡೆರಡು ಬಾಳೆಹಣ್ಣು ತಿಂದು ಕೂತೆ: ಏಳು, ನಾಲ್ಕು, ಆರು. ಬೆಳ್ಳುಳ್ಳಿ ತಿಂದವರ ಹತ್ತಿರ ಸೊಳ್ಳೆ ಸುಳಿಯುವುದಿಲ್ಲ ಎಂದು ಫ್ಯಾಕ್ಟರಿಯಲ್ಲಿ ನಮ್ಮ ಲೈನಿನ ದಿವ್ಯಾ ಹೇಳಿದ್ದಕ್ಕೆ ಮೂರು ದಿನ ಹಸಿ ಬೆಳ್ಳುಳ್ಳಿ ಜಗಿದೆ: ಆರು, ಐದು, ಏಳು. ಸೊಳ್ಳೆ ಸುಳಿಯಿತು, ಕೆಲಸದಲ್ಲಿ ದಿವ್ಯಾಳೇ ದೂರ ಹೋಗಿ ಕೂತಳು. ಹಾಗಲಕಾಯಿ ತಿಂದರೆ ರಕ್ತ ಕಹಿಯಾಗುತ್ತದಂತೆ. ಅದನ್ನೂ ಬಿಡಲಿಲ್ಲ, ಮೊದಲ ದಿನವೇ ಎಂಟು! ಇಷ್ಟಕ್ಕೂ ಪಕ್ಕದಲ್ಲೇ ಕೂತ ನಮ್ಮನೆಯವರಿಗೆ ಒಂದೂ ಕಚ್ಚುವುದಿಲ್ಲ. ನಾನು ತಿಂದದ್ದನ್ನೇ ಅವರೂ ತಿನ್ನುತ್ತಾರೆ. ಈಶಪ್ಪನ ರಕ್ತ ಯಾರಿಗೂ ಬೇಡವಾಗಿದೆ ಎಂದು ವಠಾರವೆಲ್ಲ ರೇಗಿಸಿ ರೇಗಿಸಿ, ಈಗ ಅವರು ಮೆಟ್ಟಿಲ ಕಡೆ ಬರುವುದನ್ನೇ ಬಿಟ್ಟಿದ್ದಾರೆ. ಕೆಲವರನ್ನು ಯಾಕೆ ಹಾಗೆ ಬಿಡುತ್ತದೋ, ನನಗಂತೂ ಇವತ್ತಿಗೂ ಬಗೆಹರಿದಿಲ್ಲ.

ಕಳೆದ ವಾರ ಆಶಾ ಕಾರ್ಯಕರ್ತೆ ಮನೆ ಮನೆ ನೋಡಲು ಬಂದಿದ್ದರು. ಅಡುಗೆಮನೆಯ ನಮ್ಮ ನೀರಿನ ಡ್ರಮ್ಮಿಗೆ ಮೊಬೈಲ್ ಟಾರ್ಚ್ ಬಿಟ್ಟು, “ಬನ್ನಿ ಇಲ್ಲಿ, ನೋಡಿ” ಎಂದು ಕರೆದರು. ತಳದ ನೀರಿನಲ್ಲಿ ಸಣ್ಣ ಸಣ್ಣ ಹುಳಗಳು ಬಳುಕುತ್ತಿದ್ದವು. ಅವೇ ಸೊಳ್ಳೆಮರಿಗಳಂತೆ. ನಾನು ಬೆಚ್ಚಿಬಿದ್ದೆ. ಎಷ್ಟು ದಿನಕ್ಕೊಮ್ಮೆ ಡ್ರಮ್ ಖಾಲಿ ಮಾಡಿ ಉಜ್ಜುತ್ತೀರಿ ಎಂದು ಕೇಳಿದರು. ಅಕ್ಕಾ, ನಾನು ಅದನ್ನು ಒಂದು ಸಲವೂ ಖಾಲಿ ಮಾಡಿರಲಿಲ್ಲ. ಮನೆಯ ನೀರು ಪೂರ್ತಿ ಬರಿದಾಗಬಾರದು, ಹೊಸ ನೀರು ತುಂಬುವಾಗ ತಳದಲ್ಲಿ ಹಳೆಯದು ಸ್ವಲ್ಪ ಇರಲೇಬೇಕು ಎಂಬುದು ನಮ್ಮವ್ವ ಕಲಿಸಿದ ಪದ್ಧತಿ. ಊರಿನಲ್ಲಿ ಮಣ್ಣಿನ ಹರವಿಗೆ ದಿನವೂ ಹೊಸ ನೀರು ಬೀಳುತ್ತಿತ್ತು. ಇಲ್ಲಿ ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುತ್ತದೆ, ಆ ಹಳೆಯ ನೀರು ಮೂರು ವರ್ಷದಿಂದ ಹಾಗೇ ನಿಂತಿತ್ತು. ನನ್ನ ಮಗಳಿಗೆ ಕಚ್ಚಿದ ಸೊಳ್ಳೆಯನ್ನು ನನ್ನ ಅಡುಗೆಮನೆಯಲ್ಲಿ ನಾನೇ ಸಾಕಿದೆ.

ಮೊನ್ನೆ ನೀರು ಬಂದಾಗ ಎಲ್ಲರೂ ನಲ್ಲಿಯ ಹತ್ತಿರ ಸೇರಿದ್ದರು. ನಿಮ್ಮನ್ನು ಬೈದ ಜಾಗದಲ್ಲೇ ನಿಂತು, ಸೊಳ್ಳೆ ಬಂದದ್ದು ಬಸಕ್ಕನ ಹಣ್ಣಿನಿಂದಲ್ಲ, ನನ್ನ ಡ್ರಮ್ಮಿನಿಂದ ಎಂದು ಹೇಳಿದೆ. ರಾಮಮ್ಮ, “ಅಂಗಾರೆ ಆ ಯಮ್ಮನ್ನ ಸುಮ್‌ಸುಮ್ನೆ ಓಡಿಸ್ಬಿಟ್ವಾ?” ಎಂದರು. ನಿಮ್ಮ ರೂಮಿಗೆ ಬಂದಿದ್ದವರು ಕೆಲಸ ಬದಲಾಗಿ ಖಾಲಿ ಮಾಡಿದ್ದಾರೆ. ಈ ತಿಂಗಳ ಕೊನೆಯವರೆಗೆ ಅದನ್ನು ಯಾರಿಗೂ ಕೊಡುವುದಿಲ್ಲ, ಗೊನೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳಲಿ ಎಂದು ರಾಮಮ್ಮನೇ ಹೇಳಿದ್ದಾರೆ.

ಕೃಪಾ ಈಗ ಚೆನ್ನಾಗಿದ್ದಾಳೆ. ಬಸಕ್ಕ ಯಾಕೆ ಹೋದರು ಎಂದು ಅವಳು ಕೇಳುತ್ತಲೇ ಇರುತ್ತಾಳೆ. ನೀವು ಬಂದು ನನಗೆ ನಾಲ್ಕು ಮಾತು ಬೈದರೂ ಸರಿ, ಬನ್ನಿ.

ನಿಮ್ಮ ತಂಗಿಯಂಥವಳು,
ಶಾಂಭವಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಆಶಾ ಕಾರ್ಯಕರ್ತೆ ತೋರಿಸಿದಾಗ ಬೆಚ್ಚಿಬಿದ್ದೆ ಎಂದು ಮೇಲೆ ಬರೆದಿರುವುದು ಸುಳ್ಳು. ನೀವು ಹೊರಟ ದಿನ ಬೆಳಿಗ್ಗೆಯೇ ಆ ಹುಳಗಳನ್ನು ನೋಡಿದ್ದೆ. ಅವು ಏನೆಂದೂ ಗೊತ್ತಿತ್ತು, ಆಸ್ಪತ್ರೆಯ ಗೋಡೆಯ ಮೇಲೆ ಚಿತ್ರ ಅಂಟಿಸಿದ್ದರು. ಬಾಳೆಹಣ್ಣಿನದೇ ತಪ್ಪು ಎಂದು ಹೇಗಾದರೂ ತೋರಲಿ ಎಂದೇ ಅಷ್ಟು ದಿನ ಆ ಪರೀಕ್ಷೆಗಳನ್ನೆಲ್ಲ ಮಾಡಿದೆ. ಡ್ರಮ್ ಉಜ್ಜಿದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂದು ಅದನ್ನು ಮುಟ್ಟಲೂ ಇಲ್ಲ. ಅವತ್ತು ನೀವು ಬಾಗಿಲಿಗೆ ಬಂದು, “ಹೋಗಿ ಬರ್ತೀನವಾ, ಕೂಸು ಹುಷಾರು” ಎಂದಾಗ, ನಾನು ಹುಳ ಮೊಗೆದ ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದೆ.